ಅರಿಶಿನಕ್ಕೆ ಹೊರಿಸಿದ ಉರಿ

ಬೇರೆಯವರ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಕೆಟ್ಟ ಚಟವೊಂದು ನನಗಿದೆ. ಮನೆಯಲ್ಲಿ ಕನ್ನಡಿಯಿಲ್ಲ ಎಂದಲ್ಲ, ಮೂರಿವೆ. ಆದರೆ ನಮ್ಮ ಬಚ್ಚಲುಮನೆಯ ಕನ್ನಡಿ ಬಹಳ ಮರ್ಯಾದಸ್ಥ. ನನ್ನ ವಯಸ್ಸಿಗೆ ಬೆಲೆ ಕೊಟ್ಟು ಎಷ್ಟೋ ಸಂಗತಿಗಳನ್ನು ಕಂಡೂ ಕಾಣದಂತೆ ಇದ್ದುಬಿಡುತ್ತದೆ. ಇಲ್ಲಿ ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಬೆಳಗಿನ ಬಿಸಿಲಿಗೆ ನಿಂತ ಸ್ಕೂಟರಿನ ಕನ್ನಡಿಗೆ ಆ ದಾಕ್ಷಿಣ್ಯವಿಲ್ಲ. ಅದರೆದುರು ಗದ್ದವನ್ನು ತುಸು ಎಡಕ್ಕೆ ತಿರುಗಿಸಿದರೆ ಸಾಕು, ನಿನ್ನೆ ಸಂಜೆಯವರೆಗೆ ಇಲ್ಲದೇ ಇದ್ದ ಕೂದಲೊಂದು ಹೊಳೆಯುತ್ತ ನಿಂತಿರುತ್ತದೆ. ಅಷ್ಟು ಉದ್ದ ಬೆಳೆಯುವವರೆಗೆ ಅದು ಎಲ್ಲಿ ಅಡಗಿ ಕೂತಿತ್ತೋ ನನಗಂತೂ ಈವರೆಗೆ ತಿಳಿದಿಲ್ಲ.

ಒಮ್ಮೆ ಹೀಗೆ ಬಗ್ಗಿ ನಿಂತಾಗ ನಮ್ಮ ವಾಚ್‌ಮನ್ ಬಂದು, "ಕಾಯ ಝಾಲಂ ಕಾಕು? ಡೋಳ್ಯಾತ ಕಾಹೀ ಗೇಲಂ ಕಾ?" ಎಂದು ಕಳಕಳಿಯಿಂದ ಕೇಳಿದ. ಹೌದಪ್ಪ, ಕಣ್ಣಿನಲ್ಲಿ ಕಸ ಹೋಗಿದೆ ಎಂದೆ. ಪಾಪ, ಓಡಿಹೋಗಿ ನೀರು ತಂದ. ಇಲ್ಲದ ಕಸಕ್ಕಾಗಿ ನಾನು ಅವನೆದುರು ಕಣ್ಣು ತೊಳೆದುಕೊಳ್ಳಬೇಕಾಯಿತು. ನನ್ನ ಗದ್ದಕ್ಕಾಗಿ ನಾನು ಹೇಳಿದ ಸುಳ್ಳುಗಳಲ್ಲಿ ಇದು ತೀರ ಸಣ್ಣದು. ದೊಡ್ಡದನ್ನು ಹೇಳಬೇಕೆಂದೇ ಇಂದು ಬರೆಯಲು ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗುವ ಧೈರ್ಯವಿಲ್ಲ. ಸ್ವಲ್ಪ ಸುತ್ತು ಹಾಕಿಕೊಂಡು ಹೋಗುತ್ತೇನೆ, ನೀವೂ ಜೊತೆಗೆ ಬನ್ನಿ.

ಧಾರವಾಡದಲ್ಲಿ ನಮ್ಮ ಅಜ್ಜಿಯ ಗದ್ದದ ಮೇಲೆ ನಾಲ್ಕಾರು ಬಿಳಿ ಕೂದಲುಗಳಿದ್ದವು. ಆಕೆಯ ತೊಡೆಯ ಮೇಲೆ ಮಲಗಿ ಕತೆ ಕೇಳುವಾಗ ನಾವು ಮೊಮ್ಮಕ್ಕಳು ಅವನ್ನು ಬೆರಳಿಗೆ ಸುತ್ತಿ ಆಡುತ್ತಿದ್ದೆವು. ಜೋರಾಗಿ ಎಳೆದರೆ ಮಾತ್ರ ಕೈಮೇಲೆ ಒಂದು ಏಟು ಬೀಳುತ್ತಿತ್ತು. ಅದನ್ನು ತೆಗೆಯಬೇಕೆಂದು ಆಕೆಗೂ ಅನಿಸಿರಲಿಲ್ಲ, ಅದು ಇದೆಯೆಂದು ಮನೆಗೆ ಬಂದವರೂ ಗಮನಿಸಿರಲಿಲ್ಲ. ಆಕೆಯ ಮೂಗುತಿ, ನಶ್ಯದ ಡಬ್ಬಿ ಇದ್ದಂತೆ ಅದೂ ಇತ್ತು. ಆ ನಾಲ್ಕು ಕೂದಲು ಎರಡು ತಲೆಮಾರು ದಾಟಿ ನನ್ನ ಪಾಲಿಗೆ ಬರುತ್ತವೆ ಎಂದು ಗೊತ್ತಿದ್ದರೆ ನಾನು ಅಷ್ಟು ಖುಷಿಯಿಂದ ಆಡುತ್ತಿರಲಿಲ್ಲ.

ನನಗೆ ಹದಿಮೂರು ವರ್ಷವಿದ್ದಾಗ ಸೋದರಮಾವನ ಮಗನ ಮುಂಜಿವೆ ನಡೆಯಿತು. ಪಂಕ್ತಿಯಲ್ಲಿ ನಾನು ಉಪ್ಪು ಬಡಿಸುತ್ತ ಬಂದಾಗ ಸಾಲಿನಲ್ಲಿ ಕೂತ ಮಾವ ನನ್ನ ಮುಖವನ್ನೇ ದಿಟ್ಟಿಸಿ, "ಅಲೇ ಇಕಿನ ನೋಡ್ರೋ! ಮುಂಜವಿ ಅವಂದು, ಮೀಸಿ ಬಂದದ್ದು ಇಕಿಗೆ!" ಎಂದರು. ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ನಗದೇ ಇದ್ದರೆ ಅವಮಾನವಾಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತಲ್ಲ. ಉಳಿದವರಿಗೆ ಉಪ್ಪು ಬಡಿಸಿ ಮುಗಿಸಿ, ಹಿತ್ತಲಿಗೆ ಹೋಗಿ, ಒದ್ದೆ ಸೀರೆಗಳು ಒಣಗುತ್ತಿದ್ದ ಹಗ್ಗದ ಹಿಂದೆ ನಿಂತು ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಅಮ್ಮನನ್ನು ಕೇಳಿದರೆ ಆಕೆ ತಪ್ಪನ್ನೆಲ್ಲ ನನ್ನ ಮೇಲೆಯೇ ಹಾಕಿದಳು. "ಸಣ್ಣಾಕಿದ್ದಾಗ ಎಣ್ಣಿ ಹಚ್ಚಿ ಕಡ್ಲಿಹಿಟ್ಟಿನ ಮುದ್ದಿಲೆ ತಿಕ್ಕಲಿಕ್ಕೆ ಹೋದ್ರ ಮನಿ ಕಿತ್ತಿ ಹೋಗೂಹಂಗ ಅಳ್ತಿದ್ದಿ. ಹೋಗ್ಲಿ ಅಂತ ಬಿಟ್ಟಬಿಟ್ಟೆ. ನಿಮ್ಮಕ್ಕ ಸುಮ್ಮನ ತಿಕ್ಕಿಸ್ಕೊಂಡ್ಲು, ಈಗ ನೋಡು ಆಕಿ ಮುಖ ಹ್ಯಾಂಗದ!" ನಮ್ಮ ಕಡೆ ಕೂಸುಗಳನ್ನು ಎರೆಯುವಾಗ ಕಡಲೆಹಿಟ್ಟು, ಹಾಲು, ಚಿಟಿಕೆ ಅರಿಶಿನ ಕಲಸಿದ ಮುದ್ದೆಯನ್ನು ಮೈಮೇಲೆ ಉರುಳಿಸುತ್ತಾರೆ, ಎಳೆಗೂದಲು ಉದುರಲಿ ಎಂದು. ಅಂದರೆ ಮೂರು ತಿಂಗಳ ಕೂಸಾಗಿದ್ದಾಗಲೇ ನಾನು ದೂರದೃಷ್ಟಿಯಿಲ್ಲದೆ ವರ್ತಿಸಿದ್ದೆ. ಅಕ್ಕನಿಗೆ ಈಗ ಐವತ್ನಾಲ್ಕು. ಇಂದಿಗೂ ಆಕೆಯ ಮುಖ ಬೆಣ್ಣೆಯಂತಿದೆ.

ಮದುವೆಯಾಗಿ ಪುಣೆಗೆ ಬಂದ ಮೇಲೆ ಪಾರ್ಲರಿಗೆ ಹೋಗುವುದನ್ನು ಕಲಿತೆ. ಅಲ್ಲಿ ದಾರದಿಂದ ಕೂದಲು ಕೀಳುವ ನೋವು ತಡೆದುಕೊಳ್ಳಬಹುದು. ತಡೆಯಲಾರದ್ದು ಆ ಹುಡುಗಿಯ ದನಿ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಆಕೆ ಒಮ್ಮೆ ಇಡೀ ಅಂಗಡಿಗೆ ಕೇಳುವಂತೆ, "ತಾಈ, ಹನುವಟೀಪಣ ಕರಾಯಚೀ ಕಾ?" ಎಂದಳು. ಗದ್ದವನ್ನೂ ಮಾಡುವುದಿದೆಯೇ ಎಂದು ಅರ್ಥ. ಪಕ್ಕದ ಕುರ್ಚಿಯಲ್ಲಿ ನಮ್ಮ ಆಫೀಸಿನ ಹೊಸ ಹುಡುಗಿ ಕೂತಿದ್ದಳು. ಆಕೆ ತಿರುಗಿ ನನ್ನ ಗದ್ದವನ್ನು ನೋಡಿದಳು, ಆಮೇಲೆ ನೋಡಲಿಲ್ಲವೆಂಬಂತೆ ಮೊಬೈಲು ನೋಡತೊಡಗಿದಳು. "ನಕೋ, ನಕೋ" ಎಂದು ಹೇಳಿ ಎದ್ದು ಬಂದೆ. ಇನ್ನು ಮೇಲೆ ನನ್ನ ಗದ್ದದ ವ್ಯವಹಾರ ನನ್ನ ಮನೆಯೊಳಗೇ ನಡೆಯಲಿ ಎಂದು ತೀರ್ಮಾನಿಸಿ, ದಾರಿಯಲ್ಲಿ ಔಷಧದ ಅಂಗಡಿಗೆ ಹೋಗಿ ಕೂದಲು ತೆಗೆಯುವ ಒಂದು ಕ್ರೀಮು ಕೊಂಡೆ. ಅಂಗಡಿಯವನು ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟಾಗ ನನಗೆ ಆತನ ಮೇಲೆ ಬಹಳ ಗೌರವ ಮೂಡಿತು.

ಆ ಕೊಳವೆ ಎಂಟು ದಿನ ನನ್ನ ಸೀರೆಗಳ ಕೆಳಗೆ ಮಲಗಿತ್ತು. ಮೂರು ವರ್ಷದ ಹಿಂದಿನ ಚೈತ್ರ ಅದು. ನಮ್ಮ ಓಣಿಯ ಸುತ್ತಮುತ್ತಲಿನ ಕನ್ನಡದ ಹೆಣ್ಣುಮಕ್ಕಳೆಲ್ಲ ಸೇರಿ ವರ್ಷಕ್ಕೊಮ್ಮೆ ಚೈತ್ರಗೌರಿಯ ಅರಿಶಿನ ಕುಂಕುಮ ಮಾಡುತ್ತೇವೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಮೂವತ್ತು ಮೂವತ್ತೈದು ಜನ. ನಮ್ಮೆಲ್ಲರಿಗೂ ಮುಂದಾಳು ವಿಮಲಾ ವೈನಿ. ಅವರ ಮನೆಯ ಪಡಸಾಲೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅಂದು ಸಂಜೆಯ ಸಮಾರಂಭಕ್ಕೆ ಕೋಸಂಬರಿ ನನ್ನ ಪಾಲಿಗೆ ಬಂದಿತ್ತು. ಹೊಸ ಇಳಕಲ್ ಸೀರೆ ಉಡುವುದಿತ್ತು. ಮುಖವೂ ಸ್ವಲ್ಪ ಸ್ವಚ್ಛವಾಗಿರಲಿ ಎಂಬ ಆಸೆ ಹುಟ್ಟಿತು. ಮಧ್ಯಾಹ್ನ ಊಟವಾದ ಮೇಲೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಮೂಗಿನ ಕೆಳಗೆ, ಗದ್ದಕ್ಕೆ, ಎರಡೂ ಕೆನ್ನೆಗಳ ಅಂಚಿಗೆ ಕ್ರೀಮನ್ನು ಧಾರಾಳವಾಗಿ ಬಳಿದುಕೊಂಡೆ. ಐದು ನಿಮಿಷ ಬಿಟ್ಟು ಒರೆಸಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಮೊದಲು ಮೊಣಕೈ ಹತ್ತಿರ ತುಸು ಹಚ್ಚಿ ನೋಡಿ ಒಂದು ದಿನ ಕಾಯಬೇಕು ಎಂದೂ ಬರೆದಿತ್ತು. ಅದನ್ನು ಓದಿದ್ದು ಮರುದಿನ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅಕ್ಕನ ಫೋನು ಬಂತು. ಅಕ್ಕನ ಫೋನು ಐದು ನಿಮಿಷಕ್ಕೆ ಮುಗಿದದ್ದು ನನ್ನ ನೆನಪಿನಲ್ಲಿಲ್ಲ. ಅಂದು ಆಕೆಯ ಮನೆಯ ಉಪ್ಪಿನಕಾಯಿಗೆ ಬೂಸು ಬಂದಿತ್ತು. ಅದು ಯಾರ ಕೈ ತಾಗಿ ಬಂತು ಎಂಬ ವಿಚಾರಣೆ ನಡೆದಿತ್ತು. ನಾನು ತುಟಿ ಅಲುಗಿಸದೆ "ಹ್ಞೂಂ, ಹ್ಞೂಂ" ಎನ್ನುತ್ತ ಕೂತೆ. ಹೊರಗಿನಿಂದ ನಮ್ಮವರು, "ಏನೋ ಸುಟ್ಟಂಗ ವಾಸನಿ ಬರಲಿಕ್ಕತ್ತದಲ್ಲ?" ಎಂದರು. ಫೋನಿಗೆ ಕೈ ಅಡ್ಡ ಹಿಡಿದು, "ಡ್ರೇನೇಜಿಂದರೀ" ಎಂದೆ. ಉಪ್ಪಿನಕಾಯಿಯ ಅಪರಾಧಿ ಸಿಕ್ಕಿ ಅಕ್ಕ ಫೋನು ಇಡುವ ಹೊತ್ತಿಗೆ ನನ್ನ ಮುಖ ಚುರುಚುರು ಎನ್ನುತ್ತಿತ್ತು.

ತೊಳೆದು ನೋಡಿದರೆ ಕೂದಲುಗಳೇನೋ ಹೋಗಿದ್ದವು, ಒಂದೂ ಉಳಿದಿರಲಿಲ್ಲ. ಅವುಗಳ ಜಾಗದಲ್ಲಿ ಕೆಂಪು ಮೀಸೆ, ಕೆಂಪು ಗಡ್ಡ ಬಂದಿದ್ದವು. ಇದ್ದ ಕೂದಲು ನನ್ನ ಕಣ್ಣಿಗಷ್ಟೇ ಕಾಣುತ್ತಿತ್ತು, ಈ ಕೆಂಪು ಎದುರಿನ ಬಿಲ್ಡಿಂಗಿನವರಿಗೂ ಕಾಣುವಂತಿತ್ತು. ಆಮೇಲೆ ನಾನು ಮಾಡಿದ್ದನ್ನು ಹೇಳಿದರೆ ನೀವು ನಗುತ್ತೀರಿ, ನಗಬಹುದು. ನಮ್ಮವರು ದಾಡಿ ಮಾಡಿಕೊಂಡ ಮೇಲೆ ಹಚ್ಚಿಕೊಳ್ಳುವ ನೀಲಿ ನೀರು ಗೂಡಿನಲ್ಲಿತ್ತು. ಗಂಡಸರು ದಿನಾ ಕೆರೆದುಕೊಂಡು ಇದನ್ನೇ ತಾನೆ ಹಚ್ಚಿಕೊಳ್ಳುವುದು ಎಂದುಕೊಂಡು ಅಂಗೈಗೆ ಸುರಿದುಕೊಂಡು ಮುಖಕ್ಕೆ ಒತ್ತಿದೆ. ಬಾಯಿಯಿಂದ ಹೊರಟ ಕೂಗನ್ನು ಟವೆಲ್ಲಿನಲ್ಲಿ ಅದುಮಿದೆ. ಐಸಿನ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡೆ. ಬಾಲ್ಕನಿಯ ಕುಂಡದಲ್ಲಿದ್ದ ಲೋಳೆಸರವನ್ನು ಮುರಿದು ತಂದು ಬಳಿದುಕೊಂಡೆ. ಒಂದರ ಮೇಲೊಂದು ಉಪಚಾರ ಹೆಚ್ಚಿದಂತೆ ಉರಿಯೂ ಹೆಚ್ಚಿತು. ಕೊನೆಗೆ ಎಲ್ಲದರ ಮೇಲೆ ಪೌಡರು ಮೆತ್ತಿ, ಇಳಕಲ್ ಸೀರೆ ಉಟ್ಟು, ಕೋಸಂಬರಿಯ ಪಾತ್ರೆ ಹಿಡಿದು ಹೊರಟೆ. ಜ್ವರ ಬಂದಿದೆ ಎಂದು ಹೇಳಿ ಮನೆಯಲ್ಲೇ ಇದ್ದುಬಿಡಬಹುದಿತ್ತು. ಬೇಕಾದ ಕಡೆ ಸುಳ್ಳು ನೆನಪಾಗಲಿಲ್ಲ.

ಈಗ ಇಂದಿರಾ ಮೌಶಿಯ ಬಗ್ಗೆ ಹೇಳಬೇಕು. ಸುತ್ತು ಹಾಕಿ ಬಂದದ್ದು ಈ ಹೆಸರಿನ ಹತ್ತಿರ ಬರಲು ಅಂಜಿಕೆಯಾಗಿ. ಮೌಶಿ ಬೆಳಗಾವಿಯವರು. ಎಪ್ಪತ್ತು ದಾಟಿದವರು, ಪುಣೆಯ ಆ ತುದಿಯ ಕಾತ್ರಜದಲ್ಲಿ ಮಗ ಸೊಸೆಯ ಜೊತೆ ಇರುತ್ತಾರೆ. ನಮ್ಮಲ್ಲಿ ಯಾರಿಗೂ ಸಂಬಂಧವಲ್ಲ, ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ. ಪ್ರತಿ ಚೈತ್ರಕ್ಕೆ ಅರಿಶಿನ ಅವರದು. ಸಾಂಗಲಿಯ ಒಬ್ಬ ಹಳೆಯ ವ್ಯಾಪಾರಿಯಿಂದ ಕೊಂಬು ತರಿಸಿ, ಬಿಸಿಲಿಗೆ ಒಣಗಿಸಿ, ಕಲ್ಲಿನ ಒರಳಿನಲ್ಲಿ ತಾವೇ ಕುಟ್ಟಿ, ಹಳೆಯ ಪಂಚೆಯಲ್ಲಿ ಸೋಸಿ, ಸ್ಟೀಲಿನ ಡಬ್ಬಿ ತುಂಬ ತರುತ್ತಿದ್ದರು. ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಆ ಅರಿಶಿನದ ಬಣ್ಣ, ವಾಸನೆ ಪ್ಯಾಕೆಟ್ಟಿನದಕ್ಕೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದೆವು, ಹೇಳಿದಾಗಲೆಲ್ಲ ಅವರು ಕೈಯ ಹಳದಿ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಗುತ್ತಿದ್ದರು.

ಮೌಶಿಯ ಯಜಮಾನರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹೀಗಾಗಿ ಅರಿಶಿನ ಕುಂಕುಮ ಹಚ್ಚುವ ಹೊತ್ತಿಗೆ ಸರಿಯಾಗಿ ಅವರು ತಾವಾಗಿಯೇ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಹೋಗಿರಿ ಎಂದು ಯಾರೂ ಅಂದಿರಲಿಲ್ಲ. ಬನ್ನಿರಿ ಎಂದೂ ಯಾರೂ ಅಂದಿರಲಿಲ್ಲ, ನಾನೂ ಅಂದಿರಲಿಲ್ಲ. ಅಲ್ಲಿಂದಲೇ ಅವರು ನಮ್ಮ ಕೆನ್ನೆಗಳನ್ನು ನೋಡುತ್ತಿದ್ದರು. ಅರಿಶಿನ ಯಾರಿಗೆ ಹೇಗೆ ಒಪ್ಪಿದೆ ಎಂದು ನೋಡುವುದು ಅವರ ಹಬ್ಬ.

ಪುಣೆಯ ಮರಾಠಿ ಮನೆಗಳಲ್ಲಿ ಹಣೆಗೆ ಒಂದು ಬೊಟ್ಟು ಹಳದಿ, ಒಂದು ಬೊಟ್ಟು ಕುಂಕುಮ ಇಟ್ಟರೆ ಮುಗಿಯಿತು. ನಮ್ಮ ಕಡೆಯವರದು ಹಾಗಲ್ಲ. ನೀರಿನಲ್ಲಿ ಕಲಸಿದ ಅರಿಶಿನವನ್ನು ಎರಡೂ ಕೆನ್ನೆಗೆ, ಗದ್ದಕ್ಕೆ, ಅಂಗೈ ತುಂಬ ಒತ್ತಿ ಸವರಬೇಕು. ವಿಮಲಾ ವೈನಿಯಂತೂ ಅದನ್ನು ಗೋಡೆಗೆ ಸುಣ್ಣ ಬಳಿಯುವಷ್ಟು ಶ್ರದ್ಧೆಯಿಂದ ಮಾಡುತ್ತಾರೆ. ನನ್ನ ಸರದಿ ಬಂದಾಗ "ಒಂದ ಬೊಟ್ಟ ಸಾಕ್ರಿ ವೈನಿ" ಎನ್ನುವಷ್ಟರಲ್ಲಿ ಅವರ ಎರಡೂ ಅಂಗೈ ನನ್ನ ಮುಖದ ಮೇಲಿದ್ದವು.

ಕಣ್ಣಲ್ಲಿ ನೀರು ಬಂತು. "ಅಯ್ಯಯ್ಯ!" ಎಂದು ಕೂಗಿ ಸೆರಗಿನಿಂದ ಮುಖ ಒರೆಸಿಕೊಂಡೆ. ಪೌಡರೂ ಅರಿಶಿನವೂ ಒಟ್ಟಿಗೇ ಅಳಿಸಿಹೋಗಿ ಕೆಂಪು ಬರೆಗಳು ಎಲ್ಲರೆದುರು ಎದ್ದವು.

"ಏನಾತ ಸುಮಾ? ಮುಖ ಹಿಂಗ್ಯಾಕ ಕೆಂಪಾತು?" ವಿಮಲಾ ವೈನಿ ಕೇಳಿದರು.

ಮೂವತ್ತು ಹೆಂಗಸರು ನನ್ನ ಮೀಸೆಯ ಜಾಗವನ್ನು ನೋಡುತ್ತಿದ್ದರು. ಮುಂಜಿವೆಯ ಪಂಕ್ತಿ ಮತ್ತೆ ನನ್ನೆದುರು ಕೂತಂತಾಯಿತು.

"ಅರಿಶಿಣ ಹಚ್ಚಿದ ಕೂಡಲೇ ಉರೀಲಿಕ್ಕತ್ತದ್ರಿ ವೈನಿ," ಎಂದೆ.

ಈ ವಾಕ್ಯದಲ್ಲಿ ಒಂದೂ ಸುಳ್ಳಿಲ್ಲ. ಅರಿಶಿನ ಹಚ್ಚಿದ್ದು ನಿಜ, ಉರಿದದ್ದು ನಿಜ. ಅಷ್ಟು ನಿಜಗಳನ್ನು ಜೋಡಿಸಿ ಅಷ್ಟು ದೊಡ್ಡ ಸುಳ್ಳನ್ನು ಹೇಳಬಹುದು ಎಂದು ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ನಾನು ಮಾಡುವುದೇನೂ ಉಳಿಯಲಿಲ್ಲ, ಉಳಿದದ್ದನ್ನು ಅವರೇ ಮಾಡಿದರು. "ಬಣ್ಣಾ ಕಲಸಿದ್ದಿರಬೇಕ್ರಿ, ಈಗ ಎಲ್ಲಾದ್ರಾಗೂ ಕಲಸ್ತಾರ" ಎಂದರು ಒಬ್ಬರು. "ನನಗೂ ಯಾಕೋ ತಿಂಡಿ ಬಿಟ್ಟಂಗ ಆಗೇದ" ಎಂದು ಇನ್ನೊಬ್ಬರು ಕೆನ್ನೆ ಕೆರೆದುಕೊಂಡರು. ಅದನ್ನು ನೋಡಿ ಮತ್ತಿಬ್ಬರು ಕೆರೆದುಕೊಂಡರು. ಬಚ್ಚಲಿನ ಮುಂದೆ ಮುಖ ತೊಳೆಯಲು ಸಾಲು ಹತ್ತಿತು.

ಮೌಶಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ನಾನ ಕುಟ್ಟೇನ್ರೆವಾ... ಏನೂ ಕಲಸಿಲ್ಲ. ಸಾಂಗಲಿದ ಕೊಂಬು, ಪ್ರತಿ ವರ್ಷದ್ದ," ಎಂದರು. ಯಾರಿಗೆ ಹೇಳುತ್ತಿದ್ದಾರೆ ಎಂದು ಅವರಿಗೇ ತಿಳಿದಂತಿರಲಿಲ್ಲ. ಯಾರೂ ಬೈಯಲಿಲ್ಲ. "ಇರ್ಲಿ ಬಿಡ್ರಿ ಮೌಶಿ, ನಿಮ್ಮದೇನ ತಪ್ಪು, ಅಂಗಡ್ಯಾವ ಮೋಸ ಮಾಡ್ಯಾನ" ಎಂದು ವಿಮಲಾ ವೈನಿ ಸಮಾಧಾನವನ್ನೇ ಹೇಳಿದರು. ಆದರೆ ಅರಿಶಿನದ ಬಟ್ಟಲನ್ನು ಎತ್ತಿ ಒಳಗಿಟ್ಟರು. ಮೌಶಿ ನನ್ನ ಹತ್ತಿರ ಬಂದು ತಂಬಿಗೆಯಲ್ಲಿ ತಣ್ಣೀರು ಕೊಟ್ಟು, "ಭಾಳ ಉರೀತದೇನು ತಂಗಿ?" ಎಂದು ಕೇಳಿದರು. ಅವರ ಕಣ್ಣು ನೋಡದೆ ತಂಬಿಗೆ ತೆಗೆದುಕೊಂಡೆ.

ಮರುದಿನ ಚರ್ಮದ ಡಾಕ್ಟರರ ಹತ್ತಿರ ಹೋದೆ. ಮರಾಠಿಯ ಹೆಣ್ಣುಮಗಳು. ಏನು ಹಚ್ಚಿದ್ದಿರಿ, ಎಷ್ಟು ಹೊತ್ತು ಇಟ್ಟಿದ್ದಿರಿ ಎಂದು ಕೇಳಿದರು. ನಾನು ಒಂದನ್ನೂ ಮುಚ್ಚಿಡದೆ ಕ್ರೀಮು, ಅಕ್ಕನ ಉಪ್ಪಿನಕಾಯಿ, ನೀಲಿ ನೀರು ಎಲ್ಲವನ್ನೂ ಹೇಳಿದೆ. ಮರಾಠಿಯಲ್ಲಿ ಹೇಳುವಾಗ ನನಗೆ ಅಷ್ಟು ನಾಚಿಕೆಯಾಗುವುದಿಲ್ಲ. ಅದು ನನ್ನ ಗದ್ದವಲ್ಲ, ಯಾರದೋ ಹನುವಟಿ. ಕ್ರೀಮಿನಿಂದ ಚರ್ಮ ಬೆಂದಿದೆ, ಬೆಂದ ಚರ್ಮಕ್ಕೆ ಹಾಲು ಸವರಿದರೂ ಉರಿಯುತ್ತದೆ, ಮನೆಯ ಪ್ರಯೋಗಗಳನ್ನೆಲ್ಲ ನಿಲ್ಲಿಸಿ ಎಂದು ಒಂದು ಮುಲಾಮು ಬರೆದುಕೊಟ್ಟರು. ತಣ್ಣೀರು ಬಿಟ್ಟು ಬೇರೇನೂ ಮುಟ್ಟಿಸಬೇಡಿ, ಬಿಸಿಲಿಗೆ ಹೋಗಬೇಡಿ ಎಂದರು. ಪುಣೆಯ ಅರ್ಧ ಹೆಂಗಸರು ಮುಖಕ್ಕೆ ಓಢಣಿ ಬಿಗಿದುಕೊಂಡೇ ಸ್ಕೂಟರು ಓಡಿಸುವುದರಿಂದ ನನ್ನ ನಾಲ್ಕು ದಿನ ಸುಲಭವಾಗಿ ಕಳೆದವು. ಐದನೆಯ ದಿನ ಸಿಪ್ಪೆ ಎದ್ದು ಹೊಸ ಚರ್ಮ ಬಂತು.

ಅಂದರೆ ನನಗೆ ಖಚಿತವಾಗಿ ಗೊತ್ತಿತ್ತು, ಡಾಕ್ಟರರ ಬಾಯಿಂದಲೇ ಗೊತ್ತಾಗಿತ್ತು. ಆ ವಾರವೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಿಮಲಾ ವೈನಿ, "ಮುಂದಿನ ವರ್ಷದಿಂದ ಪ್ಯಾಕೆಟ್ ಅರಿಶಿನ ತರೋಣ, ಯಾರಿಗೂ ತ್ರಾಸು ಬೇಡ" ಎಂದು ಹಾಕಿದರು. ಎಲ್ಲರೂ ಹೆಬ್ಬೆರಳು ಎತ್ತಿದರು. ನಾನು ಬಹಳ ಹೊತ್ತು ಫೋನು ಹಿಡಿದು ಕೂತೆ. ಈಗ ಹೇಳಿಬಿಡಬೇಕು, ಎರಡು ಸಾಲು ಸಾಕು. ಆದರೆ ಆ ಎರಡು ಸಾಲಿನಲ್ಲಿ ನನಗೆ ಗಡ್ಡ ಬರುತ್ತದೆ ಎಂಬುದು ಬರುತ್ತಿತ್ತು. ನಾನೂ ಹೆಬ್ಬೆರಳು ಎತ್ತಿದೆ.

ಮುಂದಿನ ಚೈತ್ರಕ್ಕೆ ಮೌಶಿ ಬರಲಿಲ್ಲ. ಅದರ ಮುಂದಿನ ಚೈತ್ರಕ್ಕೂ ಬರಲಿಲ್ಲ. "ಮೊಣಕಾಲ ನೋವಂತ" ಎಂದರು ಯಾರೋ. ಇರಬಹುದು ಎಂದು ನಾನೂ ತಲೆಯಾಡಿಸಿದೆ. ಆದರೆ ಪ್ಯಾಕೆಟ್ಟಿನ ಅರಿಶಿನ ಕೆನ್ನೆಗೆ ತಾಗಿದಾಗಲೆಲ್ಲ ಅಡಿಗೆಮನೆಯ ಖಾಲಿ ಬಾಗಿಲು ಕಾಣುತ್ತಿತ್ತು. ಆ ಡಬ್ಬಿ ಹಿಡಿದುಕೊಂಡು ಬರುತ್ತಿದ್ದುದರಿಂದಲೇ ಅವರಿಗೆ ನಮ್ಮೊಳಗೆ ಒಂದು ಜಾಗವಿತ್ತು. ಬರಿಗೈಯಲ್ಲಿ ಅವರು ಅರಿಶಿನ ಕುಂಕುಮಕ್ಕೆ ಏನೆಂದು ಬರಬೇಕು? ಹಚ್ಚುವವರಲ್ಲ, ಹಚ್ಚಿಸಿಕೊಳ್ಳುವವರೂ ಅಲ್ಲ. ನಾನು ನನ್ನ ನಾಲ್ಕು ಕೂದಲಿನ ಮಾನ ಉಳಿಸಿಕೊಳ್ಳಲು ಅವರನ್ನು ಬಾಗಿಲಿನಿಂದಲೂ ಆಚೆ ಕಳಿಸಿದ್ದೆ.

ಹೋದ ತಿಂಗಳು ಹುಬ್ಬಳ್ಳಿಯಿಂದ ಬರುವಾಗ ಬಸ್ಸು ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕಾತ್ರಜದಲ್ಲಿ ಇಳಿಸಿತು. ಚೀಲ ಎತ್ತಿಕೊಂಡು ರಿಕ್ಷಾ ಹುಡುಕುತ್ತಿದ್ದೆ. "ಸುಮಾ ಅಲ್ಲೇನ?" ಎಂಬ ದನಿ ಕೇಳಿತು. ಮೌಶಿ ಕಾಯಿಪಲ್ಲೆಯ ಚೀಲ ಹಿಡಿದು ನಿಂತಿದ್ದರು. ಓಡಿಹೋಗಲು ಆ ಗದ್ದಲದಲ್ಲಿ ಒಂದು ರಿಕ್ಷಾವೂ ನಿಲ್ಲಲಿಲ್ಲ. ಅವರು ಹತ್ತಿರ ಬಂದು ನನ್ನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದರು. "ಕಲಿ ಉಳೀಲಿಲ್ಲಲ್ಲ? ದೇವರ ದೊಡ್ಡಾವ. ನನ್ನಿಂದ ನಿನಗ ಭಾಳ ತ್ರಾಸಾತು ತಂಗಿ," ಎಂದರು.

ನಾನು ಅಲ್ಲಿಯೇ ಅತ್ತುಬಿಟ್ಟೆ. ಪ್ರಯಾಣದ ಆಯಾಸವೆಂದು ತಿಳಿದು ಅವರು ಚಹಾ ಕುಡಿದು ಹೋಗು ಎಂದು ಹತ್ತಿರದಲ್ಲೇ ಇದ್ದ ಮನೆಗೆ ಕರೆದೊಯ್ದರು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಚಹಾ ಮುಂದಿಟ್ಟು ಅವರು ಎದುರು ಕೂತಾಗ ನಾನು ಎಲ್ಲವನ್ನೂ ಹೇಳಿದೆ. ಈ ಸಲ ಕನ್ನಡದಲ್ಲಿ ಹೇಳಬೇಕಾಯಿತು. ಮಾತು ಮಾತಿಗೂ ತಡವರಿಸಿತು.

ಮೌಶಿ ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿದರು. ಆಮೇಲೆ, "ಅವರಿಗೆಲ್ಲಾ ಹೇಳೀಯೇನು?" ಎಂದರು.

"ಇಲ್ರಿ."

"ಮತ್ತ ನನಗ ಹೇಳಿ ಏನ ಬಂತ? ನಾ ಕಲಸಿಲ್ಲ ಅನ್ನೂದು ನನಗ ಮೊದಲ ಗೊತ್ತದಲ್ಲ."

ಬೈಗುಳವಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾನು ಫೋನು ತೆಗೆದು ಅಲ್ಲಿಯೇ ಬರೆದೆ, ಬರೆದದ್ದನ್ನು ಅವರಿಗೆ ಓದಿ ತೋರಿಸಿದೆ. "ಆ ವರ್ಷ ಮೌಶಿಯ ಅರಿಶಿನದಲ್ಲಿ ಏನೂ ದೋಷವಿರಲಿಲ್ಲ. ನಾನು ಅಂದು ಮಧ್ಯಾಹ್ನ ಗಡ್ಡದ ಕೂದಲು ತೆಗೆಯಲು ಕ್ರೀಮು ಹಚ್ಚಿ ಮುಖ ಸುಟ್ಟುಕೊಂಡಿದ್ದೆ. ಗೊತ್ತಿದ್ದೂ ಹೇಳಲಿಲ್ಲ."

"ಗಡ್ಡ ಅಂತ ಯಾಕ ಬರೀತಿ? ಹೆಣ್ಣಮಗಳು. ಮುಖದ ಕೂದಲ ಅಂತ ಬರಿ, ಸಾಕು," ಎಂದರು ಮೌಶಿ.

ಅವರ ಮರ್ಯಾದೆಯನ್ನು ನಾನು ಮೂವತ್ತು ಜನರ ನಡುವೆ ಬಿಟ್ಟು ಬಂದಿದ್ದೆ. ಅವರು ನನ್ನದನ್ನು ಒಂದು ಪದದಷ್ಟಾದರೂ ಉಳಿಸಲು ನೋಡುತ್ತಿದ್ದರು. ಪದವನ್ನು ಬದಲಿಸದೆ ಹಾಗೆಯೇ ಕಳಿಸಿದೆ. ಒಂದು ನಿಮಿಷಕ್ಕೆ ಉತ್ತರಗಳು ಬರತೊಡಗಿದವು. ನಗುವ ಮುಖಗಳು ಬಂದವು. "ಅಯ್ಯ, ಇದಕ್ಕ್ಯಾಕ ಇಷ್ಟ ನಾಚಿಕಿ, ನನಗೂ ಬರ್ತಾವ" ಎಂದು ಒಬ್ಬರು. "ಯಾವ ಕ್ರೀಮ ಅಂತ ಹೇಳು, ನಾ ತೊಗೊಳ್ಳೂದಿಲ್ಲ" ಎಂದು ವಿಮಲಾ ವೈನಿ. ಇಷ್ಟು ವರ್ಷ ನಾನು ಹೆದರಿದ್ದ ನಗು ಇಷ್ಟೇ ಇತ್ತು. ಮೌಶಿಯ ಹೆಸರನ್ನು ಯಾರೂ ಎತ್ತಲಿಲ್ಲ. ಫೋನನ್ನು ಕೆಳಗಿಟ್ಟೆ.

"ಈ ಸಲ ಅರಿಶಿಣಾ ನೀವ ತರಬೇಕ್ರಿ ಮೌಶಿ. ನಾ ಬಂದು ಕರಕೊಂಡ ಹೋಗ್ತೀನಿ," ಎಂದೆ.

"ಒರಳ ಇಲ್ಲ ತಂಗಿ. ಕೊಟ್ಟಬಿಟ್ಟೆ," ಎಂದರು. ಕಪ್ಪಿನೊಳಗಿನ ಚಹಾ ನೋಡುತ್ತ ಹೇಳಿದರು. "ಮೊದಲ ಒರಳಿನ ಮ್ಯಾಲೆ ಸಂಶೇ ಬಂತು. ಮೂರ ಸಲ ಹುಣಸಿಹಣ್ಣಲೆ ತಿಕ್ಕಿ ತೊಳದೆ. ಆಮ್ಯಾಲೆ ಸಾಂಗಲ್ಯಾವನ್ನ ಬಾಯಿಗೆ ಬಂದಂಗ ಅಂದೆ. ಪಾಪ, ಅವ ದೇವರಾಣಿ ಮಾಡಿ ಹೇಳಿದಾ. ಕಡೀಕ, ನನ್ನ ಮುಖಕ್ಕ ಹಚ್ಚಿ ನೋಡೂದ ಒಂದ ಉಳೀತು."

ನಾನು ಕಪ್ಪನ್ನು ಕೆಳಗಿಟ್ಟೆ.

"ಮಧ್ಯಾಹ್ನ ಮನ್ಯಾಗ ಯಾರೂ ಇರಲಿಲ್ಲ. ಬಾಗಲಾ ಹಾಕ್ಕೊಂಡೆ. ಡಬ್ಬಿ ಒಳಗ ಉಳದದ್ದನ್ನ ನೀರಾಗ ಕಲಸಿ ಎರಡೂ ಗಲ್ಲಕ್ಕ ಹಚ್ಕೊಂಡೆ. ಇಪ್ಪತ್ತೆಂಟ ವರ್ಷಾಗಿತ್ತು ನೋಡು, ನನ್ನ ಮುಖಕ್ಕ ಅರಿಶಿಣಾ ತಾಗಿ."

"ಉರೀತೇನ್ರಿ?" ಎಂದು ಕೇಳಿದೆ.

"ಇಲ್ಲ. ತಣ್ಣಗಿತ್ತು," ಎಂದರು ಮೌಶಿ. ಕೈಯನ್ನು ಕೆನ್ನೆಗೆ ಒಯ್ದು, ಅಷ್ಟರಲ್ಲೇ ಇಳಿಸಿಕೊಂಡರು. "ಭಾಳ ತಣ್ಣಗಿತ್ತು. ತೊಳಕೋಬೇಕು ಅನಸಲೇ ಇಲ್ಲ. ಸೊಸಿ ಬರೂ ಹೊತ್ತಾತು, ತೊಳಕೊಂಡೆ."